ಕೆರೆ ಏರಿಯ ಕಲ್ಲು



ಬಿ.ಎಡ್. ಓದುವಾಗ ಅಭ್ಯಾಸ ಪಾಠಕ್ಕೆಂದು ಹಳ್ಳಿಯೊಂದರ ಪ್ರೌಢಶಾಲೆಗೆ ಹೋಗಿದ್ದೆ. ರಾತ್ರಿಯೆಲ್ಲ ಕೂತು ಬರೆದ ಪಾಠಯೋಜನೆ, ಮೊಳೆಗೆ ತೂಗುಹಾಕಿದ ಭೂಪಟ, ಹಿಂದಿನ ಬೆಂಚಿನಲ್ಲಿ ನನ್ನನ್ನೇ ಗಮನಿಸುತ್ತ ಕೂತ ಮೇಷ್ಟ್ರು. ಹೊಯ್ಸಳರ ಕಾಲದ ಮಾತು ಬಂದು, ವೀರಗಲ್ಲು ಅಂದೆ. ಹುಡುಗಿಯೊಬ್ಬಳು ಎದ್ದಳು. "ಅಂಥದ್ದು ನಮ್ಮೂರ ಕೆರೆ ಏರಿ ಮೇಲೈತೆ ಸಾ. ಎಮ್ಮೆ ಕಟ್ತೀವಿ ಅದಕ್ಕೆ."

ಮರುದಿನ ಎಲ್ಲರೂ ಕೆರೆಗೆ ಹೋದೆವು. ಮಕ್ಕಳೇ ನೀರು ಹೊತ್ತು ತಂದು ಸಗಣಿ, ಪಾಚಿ ತೊಳೆದರು. ಕಲ್ಲಿನಲ್ಲಿ ಮೂರು ಹಂತ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈಮುಗಿದು ಕೂತ ಅದೇ ವೀರ. ಕಾದಾಟದ ಪಕ್ಕದಲ್ಲಿ ಸಣ್ಣದಾಗಿ ದನಗಳ ಸಾಲು. ತುರುಗೋಳು ಅದು. ಊರ ದನ ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ಆ ಹುಡುಗಿ ದನದ ಕೊಂಬನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಅಲ್ಲೇ ಕೂತಿದ್ದಳು.

2015ರಿಂದ ಬಿ.ಎಡ್. ಎರಡು ವರ್ಷದ ಓದಾಗಿದೆ. ಸಮಾಜ ವಿಜ್ಞಾನದವರ ಹೊರೆಯೂ ಸಣ್ಣದಲ್ಲ. ಇತಿಹಾಸ ಓದಿ ಬಂದವರು ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಲ್ಲವನ್ನೂ ಕಲಿಸಬೇಕು. ಈಗ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಕೋರಿಕೆ. ಬಿ.ಎಲ್. ರೈಸ್ ಅವರು ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ಪಾಠಯೋಜನೆಗೆ ಕೂರುವ ಮೊದಲು, ನೀವು ಹೋಗಲಿರುವ ಊರಿನ ಹೆಸರನ್ನು ಅಲ್ಲೊಮ್ಮೆ ಹುಡುಕಿ.