ರೇಷ್ಮೆ ಹುಳುವಿನ ಕರುಳು ಮತ್ತು ರೈತನ ಬೆಳೆ

(ರೇಷ್ಮೆ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಮನೆಮಂದಿಗೆಲ್ಲ ಬಿಡುವಿಲ್ಲದ ಕೆಲಸ. ನೂರು ಮೊಟ್ಟೆ ಚಾಕಿ ಕಟ್ಟಿದವರ ಮನೆಯಲ್ಲಿ ನಲವತ್ತು ಐವತ್ತು ಸಾವಿರ ಹುಳುಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೇಳಿಸುತ್ತದೆ. ಇಂಥ ಸಮಯದಲ್ಲಿ ಒಂದು ಬೆಳಿಗ್ಗೆ ಆ ಸದ್ದು ತಗ್ಗುತ್ತದೆ. ಹಾಕಿದ ಸೊಪ್ಪು ಹಾಗೆಯೇ ಉಳಿದಿರುತ್ತದೆ. ಹುಳುಗಳು ಮಂಕಾಗಿ ತಟ್ಟೆಯ ಅಂಚಿಗೆ ಸರಿದಿರುತ್ತವೆ. ಬಾಯಿಂದ ರಸ ಕಾರುತ್ತವೆ, ಹಿಕ್ಕೆ ಮೆತ್ತಗಾಗಿ ಸರದಂತೆ ಅಂಟಿಕೊಂಡಿರುತ್ತದೆ. ಒಂದೆರಡು ದಿನಗಳಲ್ಲಿ ಹುಳು ಕಪ್ಪಾಗಿ ಕೊಳೆತು ಮನೆಯೆಲ್ಲ ದುರ್ನಾತ. ಇದೇ ಸಪ್ಪೆ ರೋಗ.

ಸುಮಾರು ಒಂದು ಟನ್ ಸೊಪ್ಪು, ಕೂಲಿ, ಮನೆಯವರ ದುಡಿಮೆ ಎಲ್ಲವೂ ಖರ್ಚಾದ ಮೇಲೆ ಈ ರೋಗ ಮುಖ ತೋರಿಸುವುದರಿಂದ ಇದರ ಪೆಟ್ಟು ದೊಡ್ಡದು. ಇದು ಕರುಳಿನ ರೋಗ. ಆದುದರಿಂದ ಹುಳುವಿನ ಕರುಳಿನ ಬಗ್ಗೆ ನಾಲ್ಕು ಮಾತು ತಿಳಿದುಕೊಂಡವರಿಗೆ ಬೆಳೆ ಉಳಿಸಿಕೊಳ್ಳುವ ದಾರಿಯೂ ತಿಳಿಯುತ್ತದೆ.

ಕರುಳು ಹೇಗಿದೆ?

ರೇಷ್ಮೆ ಹುಳು ಎಂದರೆ ಬಹುಪಾಲು ಒಂದು ಕರುಳೇ ಸರಿ. ಬಾಯಿಂದ ಹಿಂಭಾಗದವರೆಗೆ ನೇರವಾದ ಒಂದು ಕೊಳವೆ. ಮೊಟ್ಟೆಯಿಂದ ಹೊರಬಂದ ಹುಳು ಸುಮಾರು 25 ದಿನಗಳಲ್ಲಿ ತನ್ನ ತೂಕವನ್ನು ಹತ್ತು ಸಾವಿರ ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಪಾಲು ಐದನೆಯ ಹಂತದಲ್ಲೇ ಖರ್ಚಾಗುತ್ತದೆ.

ಹಸುವಿನ ಹೊಟ್ಟೆಯಲ್ಲಿ ಮೇವು ಬಹಳ ಹೊತ್ತು ನಿಂತು, ಅಲ್ಲಿರುವ ಸೂಕ್ಷ್ಮಾಣುಜೀವಿಗಳಿಂದ ಕರಗುತ್ತದೆ. ಮರ ತಿನ್ನುವ ಗೆದ್ದಲಿಗೂ ಕರುಳಿನ ಜೀವಿಗಳ ನೆರವು ಬೇಕು. ರೇಷ್ಮೆ ಹುಳುವಿನ ರೀತಿ ಬೇರೆ. ಅದರ ಕರುಳಿನಲ್ಲಿ ಸೊಪ್ಪು ಕೆಲವೇ ಗಂಟೆ ನಿಲ್ಲುತ್ತದೆ. ಹುಳು ತನ್ನದೇ ಜೀರ್ಣರಸದಿಂದ ಸಸಾರಜನಕ, ಸಕ್ಕರೆ ಮೊದಲಾದ ಅಂಶಗಳನ್ನು ಹೀರಿಕೊಳ್ಳುತ್ತದೆ. ನಾರಿನ ಹೆಚ್ಚಿನ ಪಾಲು ಹಿಕ್ಕೆಯಲ್ಲಿ ಹೊರಬೀಳುತ್ತದೆ. ಬಲಿತು ನಾರಾದ ಸೊಪ್ಪು ಕೊಟ್ಟರೆ ಹುಳುವಿನ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ತುಂಬುವುದಿಲ್ಲ.

ಮಣ್ಣಿನ ರಸಸಾರ ಏಳಕ್ಕಿಂತ ಹೆಚ್ಚಿದ್ದರೆ ಕ್ಷಾರ ಎನ್ನುವುದು ಮಣ್ಣು ಪರೀಕ್ಷೆ ಮಾಡಿಸಿದವರಿಗೆಲ್ಲ ಗೊತ್ತು. ಆರೋಗ್ಯವಂತ ರೇಷ್ಮೆ ಹುಳುವಿನ ನಡುಕರುಳಿನ ರಸಸಾರ 9ಕ್ಕಿಂತ ಮೇಲಿರುತ್ತದೆ. ಇಷ್ಟು ತೀಕ್ಷ್ಣ ಕ್ಷಾರದಲ್ಲಿ ಸೊಪ್ಪಿನೊಂದಿಗೆ ಒಳಹೋಗುವ ಹೆಚ್ಚಿನ ದುಂಡಾಣುಗಳು ತಲೆ ಎತ್ತಲಾರವು. ಕರುಳಿನ ರಸದಲ್ಲಿ ನಂಜಾಣುಗಳನ್ನು ಅಡಗಿಸುವ ಸಸಾರಜನಕ ವಸ್ತುಗಳೂ ಇವೆ. ಕರುಳಿನ ಒಳಮೈಗೆ ತೆಳುವಾದ ಪೊರೆಯೊಂದು ಕಾವಲಿದೆ.

ಕಾವಲು ಸಡಿಲವಾದಾಗ

ಆರೋಗ್ಯವಂತ ಹುಳುವಿನ ಕರುಳಿನಲ್ಲಿಯೂ ಎಂಟೆರೊಕಾಕಸ್ ಮೊದಲಾದ ದುಂಡಾಣುಗಳು ಅಲ್ಪ ಸಂಖ್ಯೆಯಲ್ಲಿ ಇದ್ದೇ ಇರುತ್ತವೆ. ಕ್ಷಾರ ಬಲವಾಗಿರುವವರೆಗೆ ಅವುಗಳಿಂದ ಕೇಡಿಲ್ಲ. ಸೆಕೆ ಹೆಚ್ಚಾಗಿ, ಗಾಳಿಯಾಡದೆ, ಹುಳು ಒತ್ತೊತ್ತಾಗಿ, ಹಸಿದು, ಇಲ್ಲವೇ ಒದ್ದೆ ಸೊಪ್ಪು, ಮಣ್ಣು ಮೆತ್ತಿದ ಸೊಪ್ಪು, ರಾಶಿಯಲ್ಲಿ ಕಾವೇರಿದ ಸೊಪ್ಪು ತಿಂದು ಬಳಲಿದಾಗ ಕರುಳಿನ ರಸದ ಬಲ ಕುಗ್ಗುತ್ತದೆ. ಆಗ ಅದೇ ದುಂಡಾಣುಗಳು ಬೇಗ ಬೇಗ ಹೆಚ್ಚಿಕೊಳ್ಳುತ್ತವೆ. ನಂಜಾಣುಗಳು ಕರುಳಿನ ಗೋಡೆಯನ್ನು ಹಾಳುಮಾಡಿ ದುಂಡಾಣುಗಳಿಗೆ ದಾರಿ ಬಿಡುವುದೂ ಉಂಟು. ಸಪ್ಪೆ ರೋಗಕ್ಕೆ ಒಂದೇ ಕಾರಣವಿಲ್ಲ. ಹಲವು ಕಾರಣಗಳು ಕೂಡಿ ಬರುತ್ತವೆ. ಮಿಶ್ರತಳಿಗಿಂತ ದ್ವಿತಳಿ ಹುಳು ಈ ರೋಗಕ್ಕೆ ಬೇಗ ತುತ್ತಾಗುವುದರಿಂದ ದ್ವಿತಳಿ ಸಾಕುವವರು ಇನ್ನೂ ಎಚ್ಚರದಿಂದಿರಬೇಕು.

ಈ ಮಾತನ್ನು ಮೊದಲು ಜಗತ್ತಿಗೆ ತೋರಿಸಿದವನು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್. ಫ್ರಾನ್ಸಿನ ರೇಷ್ಮೆ ಕಸುಬು ರೋಗದಿಂದ ನೆಲಕಚ್ಚಿದ್ದಾಗ, 1865ರಲ್ಲಿ ಆತ ಅಲೆಸ್ ಎಂಬ ಊರಿಗೆ ಹೋಗಿ ಹುಳುಗಳ ಅಭ್ಯಾಸಕ್ಕೆ ತೊಡಗಿದ. 1868ರಲ್ಲಿ ಪಾರ್ಶ್ವವಾಯು ಬಡಿದರೂ ಕೆಲಸ ಬಿಡಲಿಲ್ಲ. ಜನ ಒಂದೇ ಎಂದುಕೊಂಡಿದ್ದುದು ಎರಡು ಬೇರೆ ಬೇರೆ ರೋಗಗಳು, ಒಂದು ಗಂಟು ರೋಗ, ಇನ್ನೊಂದು ಸಪ್ಪೆ ರೋಗ, ಎಂದು ಆತ ತೋರಿಸಿಕೊಟ್ಟ. 1870ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಗಂಟು ರೋಗವಿಲ್ಲದ ಮೊಟ್ಟೆಯನ್ನು ಆರಿಸುವ ಅವನ ಕ್ರಮವೇ ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆದಿದೆ. ಸಪ್ಪೆ ರೋಗಕ್ಕೆ ಮಾತ್ರ ಬಿತ್ತನೆಯ ಆಯ್ಕೆಯೊಂದೇ ಸಾಲದು. ಸಾಕುವ ಮನೆಯ ಶುಚಿತ್ವ, ಸೊಪ್ಪು, ಗಾಳಿ ಇವು ರೈತನ ಕೈಯಲ್ಲಿವೆ.

ಕ್ಷಾರವೇ ಶತ್ರುವಾಗುವ ಬಗೆ

ಜಪಾನಿನಲ್ಲಿ ಇಶಿವಾಟ ಎಂಬ ವಿಜ್ಞಾನಿ 1901ರಲ್ಲಿ ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಕುಸಿದು ಸಾಯುವ ರೋಗಕ್ಕೆ ಕಾರಣವಾದ ದುಂಡಾಣುವನ್ನು ಗುರುತಿಸಿದ. ಅಂಥದೇ ದುಂಡಾಣುವನ್ನು ಜರ್ಮನಿಯ ಬರ್ಲಿನರ್ 1911ರಲ್ಲಿ ಹಿಟ್ಟಿನ ಪತಂಗದ ಹುಳುವಿನಲ್ಲಿ ಕಂಡು, 1915ರಲ್ಲಿ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ಹೆಸರಿಟ್ಟ. ಇಂದು ರೈತರು ಬಿ.ಟಿ. ಎಂದು ಕರೆಯುವುದು ಇದನ್ನೇ. ಇದರ ವಿಷದ ಹರಳು ಮನುಷ್ಯನ ಆಮ್ಲಭರಿತ ಜಠರದಲ್ಲಿ ಕೆಲಸ ಮಾಡದು. ಮರಿಹುಳುವಿನ ಕ್ಷಾರಯುಕ್ತ ಕರುಳಿನಲ್ಲಿ ಮಾತ್ರ ಕರಗಿ ಕರುಳಿನ ಗೋಡೆಯನ್ನು ಒಡೆಯುತ್ತದೆ. ಬೇರೆ ದುಂಡಾಣುಗಳಿಂದ ಹುಳುವನ್ನು ಕಾಯುವ ಕ್ಷಾರವೇ ಇಲ್ಲಿ ಮಾರಿಯಾಗುತ್ತದೆ.

ಎಲೆಕೋಸಿನ ಹುಳುವಿಗೆ ಬಿ.ಟಿ. ಪುಡಿ ಸಿಂಪಡಿಸುವುದು ಒಳ್ಳೆಯ ಕ್ರಮವೇ. ಆದರೆ ಪಕ್ಕದಲ್ಲೇ ಹಿಪ್ಪುನೇರಳೆ ತೋಟವಿದ್ದರೆ ಗಾಳಿಯಲ್ಲಿ ತೇಲಿಬಂದ ದ್ರಾವಣ ಸೊಪ್ಪಿನ ಮೇಲೆ ಕೂರುತ್ತದೆ. ನೆರೆಹೊರೆಯ ರೈತರು ಸಿಂಪರಣೆಗೆ ಮೊದಲು ಪರಸ್ಪರ ತಿಳಿಸಿಕೊಳ್ಳಬೇಕು. ಒಂದು ಮಾತು ಆಡದೆ ಹೋದುದಕ್ಕೆ ಒಂದು ಬೆಳೆ ಹೋಗಬಾರದು. ಸಿಂಪರಣೆಗೆ ಬಳಸಿದ ಪಂಪನ್ನು ಸಾಕಣೆ ಮನೆಯ ಕೆಲಸಕ್ಕೆ ಬಳಸಕೂಡದು.

ಮುನ್ನೆಚ್ಚರಿಕೆಗಳು

1. ಪ್ರತಿ ಬೆಳೆ ಮುಗಿದ ಮೇಲೆ ಮತ್ತು ಮುಂದಿನ ಚಾಕಿಗೆ ಮೊದಲು ಮನೆ, ತಟ್ಟೆ, ಚಂದ್ರಂಕಿಗಳನ್ನು ತೊಳೆದು ಸೋಂಕು ನಿವಾರಣೆ ಮಾಡಬೇಕು. 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ ಮತ್ತು 300 ಗ್ರಾಂ ಅರಳಿದ ಸುಣ್ಣ ಬೆರೆಸಿ ಗೋಡೆ, ನೆಲ, ಸೂರು ತೊಯ್ಯುವಂತೆ ಸಿಂಪಡಿಸಬೇಕು. ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವವಿರುವುದಿಲ್ಲ.

2. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, ಬೆಳೆದ ಹುಳುವಿಗೆ 24ರಿಂದ 25 ಡಿಗ್ರಿ ಶಾಖ ಹಿತ. ದೊಡ್ಡ ಹುಳುವಿಗೆ ಗಾಳಿ ಚೆನ್ನಾಗಿ ಆಡಬೇಕು. ಸೆಕೆಗಾಲದಲ್ಲಿ ಸೂರಿನ ಮೇಲೆ ತೆಂಗಿನ ಗರಿ ಹೊದಿಸುವುದು ಒಳ್ಳೆಯದು.

3. ಸೊಪ್ಪನ್ನು ತಂಪು ಹೊತ್ತಿನಲ್ಲಿ ಕಿತ್ತು, ಒದ್ದೆ ಗೋಣಿಯ ಮರೆಯಲ್ಲಿ ಸಡಿಲವಾಗಿ ಇಡಬೇಕು. ರಾಶಿ ಹಾಕಿ ಕಾವೇರಿಸಬಾರದು. ಮಳೆಯಲ್ಲಿ ನೆನೆದ ಸೊಪ್ಪನ್ನು ನೀರು ಆರಿಸಿ ಕೊಡಬೇಕು.

4. ಜ್ವರಕ್ಕೆ ಕೂತ ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಬೇಕು. ಜ್ವರದಿಂದ ಎದ್ದ ಮೇಲೆ, ಸೊಪ್ಪು ಕೊಡುವ ಮೊದಲು, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ‘ವಿಜೇತ’ದಂಥ ಹಾಸಿಗೆ ಸೋಂಕು ನಿವಾರಕವನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಉದುರಿಸಬೇಕು.

5. ರೋಗದ ಹುಳುವನ್ನು ಕಡ್ಡಿಯಿಂದ ಆರಿಸಿ ಸುಣ್ಣ, ಬ್ಲೀಚಿಂಗ್ ಪುಡಿ ಇರುವ ಪಾತ್ರೆಗೆ ಹಾಕಿ, ದೂರದಲ್ಲಿ ಹೂಳಬೇಕು. ಕೋಳಿಗೆ ಎಸೆಯುವುದು, ತೋಟಕ್ಕೆ ಚೆಲ್ಲುವುದು ರೋಗವನ್ನು ತಾವೇ ಬಿತ್ತಿದಂತೆ.

6. ಸಲಹೆಯಿಲ್ಲದೆ ಮನುಷ್ಯರ ಜೀವನಿರೋಧಕ ಮಾತ್ರೆಗಳನ್ನು ಸೊಪ್ಪಿಗೆ ಬೆರೆಸಬಾರದು. ಅವು ನಂಜಾಣುವನ್ನು ಕೊಲ್ಲಲಾರವು.

ಗೂಡಿನೊಳಗಿನ ಆಹಾರ

ಹಣ್ಣಾದ ಹುಳು ಗೂಡು ಕಟ್ಟುವ ಮೊದಲು ಕರುಳನ್ನು ಪೂರ್ತಿ ಖಾಲಿ ಮಾಡಿಕೊಳ್ಳುತ್ತದೆ. ಆ ತೇವಕ್ಕಾಗಿಯೇ ಚಂದ್ರಂಕಿಯ ಬಳಿ ಗಾಳಿ ಆಡಬೇಕು ಎನ್ನುವುದು. ಹೀಗಾಗಿ ಗೂಡಿನೊಳಗಿನ ಕೋಶದಲ್ಲಿ ಹಿಕ್ಕೆಯಿಲ್ಲ, ಸೊಪ್ಪಿಲ್ಲ. ಹಿಟ್ಟಿನ ಹುಳು ಮೊದಲಾದವನ್ನು ಆಹಾರಕ್ಕೆ ಸಾಕುವವರು ಅವನ್ನು ಒಂದು ದಿನ ಉಪವಾಸ ಕೆಡವಿ ಕರುಳು ಖಾಲಿ ಮಾಡಿಸುತ್ತಾರೆ. ರೇಷ್ಮೆ ಹುಳು ಆ ಕೆಲಸವನ್ನು ತಾನೇ ಮಾಡುತ್ತದೆ.

ಹಸಿ ಗೂಡಿನ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕೋಶದ್ದೇ. ಒಣಗಿದ ಕೋಶದಲ್ಲಿ ಅರ್ಧದಷ್ಟು ಸಸಾರಜನಕ, ಕಾಲು ಭಾಗದಷ್ಟು ಕೊಬ್ಬು ಇದೆ. ಅಸ್ಸಾಮಿನಲ್ಲಿ ಹರಳೆಲೆ ತಿನ್ನುವ ಎರಿ ಹುಳುವಿನ ಕೋಶವನ್ನು ಜನ ರುಚಿಯಾದ ಊಟವೆಂದು ತಿನ್ನುತ್ತಾರೆ. ಕೊರಿಯಾದಲ್ಲಿ ಬೇಯಿಸಿದ ರೇಷ್ಮೆ ಕೋಶವನ್ನು ಬೀದಿಯಲ್ಲಿ ಮಾರುತ್ತಾರೆ. ಸಿಂಗಪುರ ಸರ್ಕಾರ 2024ರಲ್ಲಿ ಆಹಾರಕ್ಕೆಂದು ಒಪ್ಪಿದ 16 ಬಗೆಯ ಕೀಟಗಳಲ್ಲಿ ರೇಷ್ಮೆ ಹುಳುವೂ ಸೇರಿದೆ. ತಿನ್ನುವುದು ಬಿಡುವುದು ಅವರವರ ರೂಢಿಗೆ ಬಿಟ್ಟ ಮಾತು. ಸೀಗಡಿ ಒಗ್ಗದವರಿಗೆ ಕೀಟದ ಆಹಾರವೂ ಒಗ್ಗದಿರಬಹುದು ಎಂಬುದು ನೆನಪಿರಲಿ.

ರಾಮನಗರ, ಶಿಡ್ಲಘಟ್ಟದಂಥ ನೂಲು ಬಿಚ್ಚಾಣಿಕೆಯ ಊರುಗಳಲ್ಲಿ ಕೋಶದ ವಾಸನೆ ಎಲ್ಲರಿಗೂ ಗೊತ್ತು. ಬೇಗ ಒಣಗಿಸದಿದ್ದರೆ ಅದು ಕೊಳೆಯುತ್ತದೆ. ಒಣಗಿಸಿ ಎಣ್ಣೆ ತೆಗೆದರೆ ಹಿಂಡಿ ಕೋಳಿಗೂ ಮೀನಿಗೂ ಉತ್ತಮ ಆಹಾರ. ಎಣ್ಣೆ ತೆಗೆಯದ ಕೋಶವನ್ನು ಅತಿಯಾಗಿ ಕೊಟ್ಟರೆ ಮಾಂಸಕ್ಕೆ ವಾಸನೆ ಹತ್ತುತ್ತದೆ.

ಹುಳುವಿನ ಕರುಳು ಕಣ್ಣಿಗೆ ಕಾಣದು. ಆದರೆ ಅದರ ಸುದ್ದಿ ದಿನವೂ ಹಿಕ್ಕೆಯಲ್ಲಿ ಬರುತ್ತದೆ. ಹಿಕ್ಕೆ ಗಟ್ಟಿಯಾಗಿ ಬಿಡಿಬಿಡಿಯಾಗಿದ್ದರೆ ಹುಳು ಸುಖವಾಗಿದೆ. ಮೆತ್ತಗಾಗಿ ಅಂಟಿಕೊಂಡರೆ ಕಾವಲು ಸಡಿಲಾಗಿದೆ. ತಟ್ಟೆ ಬದಲಾಯಿಸುವಾಗ ಹಿಕ್ಕೆಯನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡುವ ಅಭ್ಯಾಸ ಎಲ್ಲ ಬೆಳೆಗಾರರಿಗೂ ಇರಲಿ. ಹಾಗೆ ನೋಡಿದವರಿಗೆ ರೋಗದ ಸುಳಿವು ದುರ್ನಾತ ಬರುವುದಕ್ಕೆ ಮೊದಲೇ ಸಿಗುತ್ತದೆ, ಉಳಿದ ಹುಳುವನ್ನು ಉಳಿಸಿಕೊಳ್ಳಲು ಸಮಯವೂ ಸಿಗುತ್ತದೆ.