ಮಣ್ಣಿನ ವಿದ್ಯೆ, ಮನಸ್ಸಿನ ವಿದ್ಯೆ



ಸುಣ್ಣಕಲ್ಲಿಗೂ ಸಿಮೆಂಟಿಗೂ ಹೆಸರಾದ ಮದುಕ್ಕರೈಯಿಂದ ನಾವು ಕೆಲವರು ತೋಟಗಾರಿಕೆ ಓದಲು ಹೊರಟಾಗ ಮನೆಗಳಲ್ಲಿ ಕೇಳಿಬಂದ ಪ್ರಶ್ನೆ ಒಂದೇ: “ಮಣ್ಣಿನ ಕೆಲಸ ನಮ್ಮ ತಲೆಗೇ ಸಾಕೆಂದು ನಿಮ್ಮನ್ನು ಓದಿಸಿದೆವು. ಓದಿ ಮತ್ತೆ ಮಣ್ಣಿಗೇ ಹೋಗುವಿರಾ?” ಬೆವರು ಸುರಿಸಿದವರ ಮಾತು ಅದು. ಅದಕ್ಕೆ ಉತ್ತರ ಹೇಳುವುದು ನಮ್ಮ ಋಣ.

ನಮ್ಮಲ್ಲೊಬ್ಬರ ಅಜ್ಜಿಗೆ ಪಾರ್ಶ್ವವಾಯು ಬಡಿದು ಎಡಗೈ ಸೋತಿತ್ತು. ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಅವರು ಮುಟ್ಟಲೊಲ್ಲರು. ಒಂದು ದಿನ ಮೊರದ ತುಂಬ ಅವರೆಕಾಯಿ ಮುಂದಿಟ್ಟಾಗ, ಸೋತ ಕೈಯನ್ನೂ ಸೇರಿಸಿ ಸುಲಿಯತೊಡಗಿದರು. “ಚೆಂಡು ಒತ್ತಿದರೆ ಯಾರ ಹೊಟ್ಟೆ ತುಂಬುತ್ತದೆ, ಮಗಾ?” ಎಂದರು. ತೋಟಗಾರಿಕಾ ಚಿಕಿತ್ಸೆಯ ತಿರುಳು ಆ ಮಾತಿನಲ್ಲಿದೆ.

ಹೂಗಿಡ ನೆಟ್ಟ ಮಾತ್ರಕ್ಕೆ ಅದು ಚಿಕಿತ್ಸೆಯಾಗದು. ಮೊದಲು ವ್ಯಕ್ತಿಯ ಅಗತ್ಯವನ್ನು ಅರಿಯಬೇಕು. ಬೆರಳಿಗೆ ಬಲ ಬರಬೇಕಾದವರಿಗೆ ಮೊದಲು ಅವರೆಯಂಥ ದಪ್ಪ ಬೀಜ, ಆಮೇಲೆ ಸಾಸಿವೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಎತ್ತರದ ಪಾತಿ. ಕಣ್ಣು ಕಾಣದವರಿಗೆ ತುಳಸಿ, ದವನದ ಪರಿಮಳ. ಕಣಗಿಲೆಯಂಥ ವಿಷದ ಗಿಡಗಳು ದೂರವಿರಬೇಕು. ಆದ ಪ್ರಗತಿಯನ್ನು ಬರೆದಿಡಬೇಕು. ಔಷಧಕ್ಕೆ ಇದು ಬದಲಲ್ಲ, ಜೊತೆಗಾರ.

ಆದ್ದರಿಂದ ಇಲ್ಲಿ ಎರಡು ವಿದ್ಯೆಗಳು ಕೂಡಬೇಕು. ಸಸ್ಯದ ವಿದ್ಯೆಗೆ 1971ರಲ್ಲಿ ಸ್ಥಾಪಿತವಾದ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ನಮ್ಮ ಕೊಯಮತ್ತೂರಿನಲ್ಲೇ ಇದೆ. ಕರ್ನಾಟಕದ ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾಯಿತು. ಮನುಷ್ಯನ ವಿದ್ಯೆಯನ್ನು ಮನೋವಿಜ್ಞಾನದಿಂದಲೋ ಸಮಾಜಕಾರ್ಯದಿಂದಲೋ ಪಡೆಯಬೇಕು. ಅಮೆರಿಕದ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯ ಇವೆರಡನ್ನೂ ಬೆಸೆದ ಪದವಿ ಶಿಕ್ಷಣವನ್ನು 1970ರ ದಶಕದಲ್ಲೇ ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯಕೀಯ ಪುನರ್ವಸತಿ ಸೇವೆಯಲ್ಲಿ ತೋಟಗಾರಿಕೆಗೂ ಸ್ಥಾನವಿದೆ.

1984ರಲ್ಲಿ ರೋಜರ್ ಉಲ್ರಿಚ್ ಎಂಬ ವಿದ್ವಾಂಸರು ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿದರು. ಕಿಟಕಿಯಾಚೆ ಮರಗಳನ್ನು ಕಂಡವರು, ಇಟ್ಟಿಗೆಯ ಗೋಡೆಯನ್ನು ಕಂಡವರಿಗಿಂತ ಬೇಗ ಮನೆಗೆ ಮರಳಿದ್ದರು. ತೀವ್ರ ನೋವುನಿವಾರಕಗಳನ್ನೂ ಕಡಿಮೆ ಬಳಸಿದ್ದರು.

ಹಿರಿಯರೇ, ಈ ಹಾದಿಯಲ್ಲಿ ಸಿದ್ಧವಾದ ಉದ್ಯೋಗಗಳು ವಿರಳ, ಅದನ್ನು ಮುಚ್ಚಿಡಲಾರೆವು. ಆದರೆ ನಿಮ್ಮ ಕೈಗಳು ಬಲ್ಲ ಮಣ್ಣು ಇನ್ನೊಬ್ಬರ ಕೈಗೆ ಬಲವಾಗಬಹುದೆಂದು ಕಲಿತು ಬಂದಿದ್ದೇವೆ. ಮಣ್ಣಿನಿಂದ ಪಾರಾಗಲೆಂದು ನೀವು ಓದಿಸಿದಿರಿ. ಓದಿದ ಮೇಲೆ ಮಣ್ಣಿನ ಮೇಲೆ ಗೌರವ ಹುಟ್ಟಿದೆ. ಈ ಶಾಲೆಯ ಅಂಗಳದಲ್ಲಿ ಒಂದು ಎತ್ತರದ ಪಾತಿ ಕಟ್ಟಲು ಅಪ್ಪಣೆ ಕೊಡಿ. ಬಗ್ಗಲಾರದ ಅಜ್ಜ, ಗಾಲಿಕುರ್ಚಿಯ ಮಗು ಇಬ್ಬರೂ ಅಲ್ಲಿ ಜೊತೆಯಾಗಿ ಬೀಜ ಬಿತ್ತಲಿ. ನೀರೆರೆಯುವ ಹೊಣೆ ನಮ್ಮದು.