ಮೊದಲು ಕೇಳಿಸಿಕೊಂಡವರ ಹೊಣೆ

(ಮಹಿಳೆಯರ ಮೇಲಿನ ಹಿಂಸೆಯ ನಿರ್ಮೂಲನಾ ದಿನದ ಅಂಗವಾಗಿ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಹಿಳಾ ಗ್ರಾಮಸಭೆಗಳಲ್ಲಿ ವಾಚಿಸಲು ಸಿದ್ಧಪಡಿಸಿದ ಭಾಷಣದ ಪಠ್ಯ)



ನವೆಂಬರ್ ತಿಂಗಳು ಮಲೆನಾಡಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಮೊದಲಾಗುವ ಕಾಲ. ಹೆತ್ತೂರು, ಯಸಳೂರು, ಹಾನುಬಾಳು, ಬೆಳಗೋಡು ಭಾಗದ ತೋಟಗಳಲ್ಲಿಯೂ ಆಲೂರು ತಾಲ್ಲೂಕಿನ ಪಾಳ್ಯ, ಕೆಂಚಮ್ಮನ ಹೊಸಕೋಟೆಗಳ ಆಸುಪಾಸಿನಲ್ಲಿಯೂ ಬೆಳಗಿನ ಮಂಜು ಕರಗುವ ಮುನ್ನವೇ ಹೆಣ್ಣುಮಕ್ಕಳು ಹಣ್ಣು ಬಿಡಿಸಲು ಹೊರಡುತ್ತಾರೆ. ಇದೇ ತಿಂಗಳ 25ನೆಯ ದಿನವನ್ನು ಮಹಿಳೆಯರ ಮೇಲಿನ ಹಿಂಸೆಯ ನಿರ್ಮೂಲನೆಗಾಗಿ ಜಗತ್ತು ಮೀಸಲಿಟ್ಟಿದೆ. ಅಂದಿನಿಂದ ಡಿಸೆಂಬರ್ 10ರ ಮಾನವ ಹಕ್ಕುಗಳ ದಿನದವರೆಗೆ 16 ದಿನಗಳ ಕಾಲ ಜಾಗೃತಿ ಅಭಿಯಾನ ನಡೆಯುತ್ತದೆ.

ಈ ದಿನದ ಹಿಂದೆ ಮೂವರು ಸೋದರಿಯರ ಬಲಿದಾನವಿದೆ. ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊನ ಆಳ್ವಿಕೆಯನ್ನು ವಿರೋಧಿಸಿದ ಪಾತ್ರಿಯಾ, ಮಿನರ್ವಾ, ಮರಿಯಾ ತೆರೇಸಾ ಎಂಬ ಮಿರಾಬಾಲ್ ಸೋದರಿಯರನ್ನು 1960ರ ನವೆಂಬರ್ 25ರಂದು ಕೊಲ್ಲಲಾಯಿತು. ಅವರಲ್ಲಿ ಮಿನರ್ವಾ ಕಾನೂನು ಪದವಿ ಪಡೆದಿದ್ದರೂ ವಕೀಲಿ ವೃತ್ತಿ ನಡೆಸಲು ಆ ಆಡಳಿತ ಆಕೆಗೆ ಅನುಮತಿ ನೀಡಲಿಲ್ಲ. ವಿಶ್ವಸಂಸ್ಥೆಯು 1999ರಲ್ಲಿ ಈ ದಿನಕ್ಕೆ ಅಧಿಕೃತ ಮಾನ್ಯತೆ ನೀಡಿತು.

ಅನ್ಯರ ಪರವಾಗಿ ದನಿ ಎತ್ತಿದವರನ್ನು ಗೌರವಿಸುವುದು ಇಂತಹ ಸಭೆಗಳ ವಾಡಿಕೆ. ಆದರೆ ಶಾಲು, ಹಾರ, ಫಲತಾಂಬೂಲಗಳಿಂದ ಆ ಗೌರವ ಪೂರ್ಣವಾಗುವುದಿಲ್ಲ. ಅವರ ಹೋರಾಟದಿಂದ ದೊರೆತ ಹಕ್ಕು ತೋಟದ ಲೈನ್ ಮನೆಯಲ್ಲಿರುವ ಹೆಣ್ಣುಮಗಳಿಗೆ ತಲುಪಿದಾಗಲೇ ಗೌರವ ಸಾರ್ಥಕವಾಗುತ್ತದೆ. ಹಾಗೆ ತಲುಪಿಸುವವರು ಯಾರು ಎಂಬುದೇ ಈ ದಿನದ ವಿಚಾರ.

ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಅವರು ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಗ್ರಾಮಮಟ್ಟದ ಕಾರ್ಯಕರ್ತೆಯಾಗಿದ್ದರು. ಬಾಲ್ಯವಿವಾಹವೊಂದನ್ನು ತಡೆಯಲು ಮುಂದಾದ ಕಾರಣಕ್ಕೆ 1992ರಲ್ಲಿ ಅವರು ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಅವರು ಮೌನ ವಹಿಸದೆ ದೂರು ನೀಡಿದರು. 1995ರಲ್ಲಿ ವಿಚಾರಣಾ ನ್ಯಾಯಾಲಯವು ಆ ಪ್ರಕರಣದ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆಗೊಳಿಸಿತು. ಆದರೆ ಆ ಪ್ರಕರಣದಿಂದ ಎಚ್ಚೆತ್ತ ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದವು. ಅದರ ಫಲವಾಗಿ 1997ರಲ್ಲಿ ವಿಶಾಖಾ ತೀರ್ಪು ಬಂತು; ಆ ತೀರ್ಪಿನ ತಳಹದಿಯ ಮೇಲೆ 2013ರಲ್ಲಿ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಅಧಿನಿಯಮ ರೂಪುಗೊಂಡಿತು. ಹಳ್ಳಿಯ ಕಾರ್ಯಕರ್ತೆಯೊಬ್ಬರ ಧೈರ್ಯ ಇಂದು ದೇಶದ ಪ್ರತಿಯೊಂದು ಕಚೇರಿ, ಕಾರ್ಖಾನೆ, ಕಾಫಿ ತೋಟಗಳ ಮಹಿಳೆಯರಿಗೆ ಆಸರೆಯಾಗಿದೆ. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ತಮ್ಮ ಕೆಲಸವನ್ನು ಕಿರಿದೆಂದು ಎಣಿಸಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಹಾಸನ ಜಿಲ್ಲೆಯ ಹೆಮ್ಮೆಯ ಹೆಸರು ಬಾನು ಮುಷ್ತಾಕ್ ಅವರದು. ವಕೀಲರಾಗಿ, ಪತ್ರಕರ್ತೆಯಾಗಿ, ಹೋರಾಟಗಾರ್ತಿಯಾಗಿ, ಕತೆಗಾರ್ತಿಯಾಗಿ ಅವರು ದಶಕಗಳಿಂದ ಹೆಣ್ಣುಮಕ್ಕಳ ಪರವಾಗಿ ಮಾತನಾಡಿದ್ದಾರೆ. ಮಸೀದಿಯಲ್ಲಿ ಮಹಿಳೆಯರಿಗೂ ಪ್ರವೇಶವಿರಬೇಕೆಂದು ಹೇಳಿದ್ದಕ್ಕಾಗಿ 2000ದಲ್ಲಿ ಬಹಿಷ್ಕಾರವನ್ನೂ ಬೆದರಿಕೆಗಳನ್ನೂ ಎದುರಿಸಿದರು. ಅವರ 12 ಕತೆಗಳನ್ನು ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಕನ್ನಡದ ಕೃತಿಯೊಂದಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು.

ಆ ಸಂಕಲನಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ ಕತೆಯಲ್ಲಿ, ಗಂಡ ಬೇರೊಬ್ಬಳತ್ತ ಹೋದನೆಂದು ನೊಂದ ಹೆಣ್ಣುಮಗಳು ಹಸುಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಮನೆತನದ ಮರ್ಯಾದೆಯ ಮಾತನ್ನು ಮುಂದಿಟ್ಟು ಆಕೆಯನ್ನು ಮರಳಿ ಗಂಡನ ಮನೆಗೆ ಬಿಟ್ಟುಬರುತ್ತಾರೆ. ಆ ರಾತ್ರಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ತಡೆದು ನಿಲ್ಲಿಸುವವಳು ಹಿರಿಯ ಮಗಳು. ಹಿರಿಯರು ಯಾರೂ ಕೇಳಿಸಿಕೊಳ್ಳದ ನೋವನ್ನು ಎಳೆಯ ಹುಡುಗಿಯೊಬ್ಬಳು ಅರಿತಳು. ಕತೆಯಲ್ಲಿ ಕಂಡ ಈ ಸಂಗತಿ ಮನೆಮನೆಗಳಲ್ಲಿ ನಡೆಯುವುದಿಲ್ಲವೆಂದು ಯಾರೂ ಎದೆ ಮುಟ್ಟಿ ಹೇಳಲಾರರು.

ಲೆಕ್ಕಗಳೂ ಇದನ್ನೇ ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ತಿಳಿಸಿದ್ದಾರೆ. 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಆಗಿತ್ತು. ದೇಶದಾದ್ಯಂತ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ಶೇ. 14 ಮಾತ್ರ. ಶೇ. 77ರಷ್ಟು ಮಂದಿ ನೆರವು ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನೆರವು ಕೇಳಿದವರಲ್ಲಿ ಹೆಚ್ಚಿನವರು ಹೋದದ್ದು ಠಾಣೆಗಾಗಲೀ ನ್ಯಾಯಾಲಯಕ್ಕಾಗಲೀ ಅಲ್ಲ. ತಮ್ಮ ತವರಿನ ಬಳಿಗೆ. ಆದುದರಿಂದ ನ್ಯಾಯದ ಮೊದಲ ಬಾಗಿಲು ಮನೆಯದೇ ಆಗಿರುತ್ತದೆ. ಆ ಬಾಗಿಲು ಮುಚ್ಚಿದರೆ ಮುಂದಿನ ಬಾಗಿಲುಗಳು ತೆರೆದಿದ್ದೂ ಪ್ರಯೋಜನವಿಲ್ಲ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಸರಸದ ಮುನಿಸಿಗೆ ಒಪ್ಪುತ್ತದೆ. ಮುರಿದ ಕೈಗೆ, ಬಾಸುಂಡೆ ಎದ್ದ ಬೆನ್ನಿಗೆ ಒಪ್ಪುವುದಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಮಾತಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. ತವರಿಗೆ ಬಂದ ಮಗಳನ್ನು ಅದೇ ಸಂಜೆಯ ಬಸ್ಸಿಗೆ ಹತ್ತಿಸಿ ಕಳುಹಿಸುವ ಮುನ್ನ ತಂದೆ, ತಾಯಿ, ಅಣ್ಣಂದಿರು ಒಂದು ಗಳಿಗೆ ಕುಳಿತು ಆಕೆಯ ಮಾತನ್ನು ಪೂರ್ತಿಯಾಗಿ ಕೇಳುವುದು ಅಗತ್ಯ.

ಮಲೆನಾಡಿನಲ್ಲಿ ಈ ಹೊಣೆ ಇನ್ನೂ ಹೆಚ್ಚು. ಬಯಲುಸೀಮೆಯಲ್ಲಿ ಕೂಗಿದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಇಲ್ಲಿ ಒಂಟಿ ಮನೆಗಳ ನಡುವೆ ತೋಟ, ಕಾಡು, ಹಳ್ಳಗಳಿವೆ. ಹಲವು ಕಡೆ ಮೊಬೈಲಿಗೆ ಸಂಕೇತ ಸಿಗುವುದಿಲ್ಲ. ಕತ್ತಲಾದ ಮೇಲೆ ಕಾಡಾನೆಗಳ ಭಯದಿಂದ ಗಂಡಸರೇ ರಸ್ತೆಗಿಳಿಯಲು ಹಿಂಜರಿಯುವಾಗ ಮಗುವನ್ನು ಎತ್ತಿಕೊಂಡ ತಾಯಿ ಎಲ್ಲಿಗೆ ಹೋಗಬೇಕು? ಹಿಂಸೆ ಮಾಡುವವನು ತನ್ನ ತೋಳ್ಬಲವನ್ನು ನೆಚ್ಚಿದಂತೆಯೇ ಈ ದೂರವನ್ನೂ ನೆಚ್ಚಿರುತ್ತಾನೆ. ಹೊರರಾಜ್ಯಗಳಿಂದ ಬಂದು ಲೈನ್ ಮನೆಗಳಲ್ಲಿ ನೆಲೆಸಿದ ಕಾರ್ಮಿಕ ಮಹಿಳೆಗೆ ಭಾಷೆಯೂ ದೂರ. ಈ ದೂರವನ್ನು ತಗ್ಗಿಸಬಲ್ಲವರು ನೆರೆಹೊರೆಯವರು.

ಹಾಗೆ ಕೇಳಿಸಿಕೊಂಡವರಿಗೆ ಮುಂದಿನ ದಾರಿ ತಿಳಿದಿರಬೇಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005 ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಹೊಡೆತ ಮಾತ್ರವೇ ಹಿಂಸೆಯಲ್ಲ. ಲೈಂಗಿಕ ಬಲಾತ್ಕಾರ, ನಿಂದನೆ, ಬೆದರಿಕೆ, ದುಡಿದ ಕೂಲಿಯನ್ನು ಕಸಿದುಕೊಳ್ಳುವುದು, ಸ್ತ್ರೀಧನವನ್ನು ಮಾರುವುದು, ಮನೆಯಿಂದ ಹೊರಗಟ್ಟುವುದು ಇವೆಲ್ಲವೂ ಈ ಕಾನೂನಿನಡಿ ಹಿಂಸೆಯೇ. ವಾರದ ಬಟವಾಡೆಯ ದಿನ ಹೆಂಡತಿಯ ಕೂಲಿಯನ್ನು ಕಿತ್ತುಕೊಂಡು ಕುಡಿತಕ್ಕೆ ಸುರಿಯುವವನಿಗೂ ಈ ಮಾತು ಅನ್ವಯಿಸುತ್ತದೆ. ಹೆಂಡತಿಯಷ್ಟೇ ಅಲ್ಲ, ತಾಯಿ, ಸೋದರಿ, ವಿಧವೆಯಾದ ಸೊಸೆಯೂ ಇದರ ರಕ್ಷಣೆ ಕೋರಬಹುದು.

ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಕಾನೂನಿನ ಸಂರಕ್ಷಣಾಧಿಕಾರಿಗಳಾಗಿ ಕಾರ್ಯನಿರ್ವಹಿಸುತ್ತಾರೆ. ಅವರು ಕೌಟುಂಬಿಕ ಘಟನಾ ವರದಿಯನ್ನು ಸಿದ್ಧಪಡಿಸಿ ದಂಡಾಧಿಕಾರಿಗಳಿಗೆ ಸಲ್ಲಿಸುತ್ತಾರೆ. ನ್ಯಾಯಾಲಯವು ಸಾಮಾನ್ಯವಾಗಿ 3 ದಿನಗಳೊಳಗೆ ಮೊದಲ ವಿಚಾರಣೆ ನಿಗದಿಪಡಿಸಿ, 60 ದಿನಗಳಲ್ಲಿ ಅರ್ಜಿಯನ್ನು ಇತ್ಯರ್ಥಗೊಳಿಸಲು ಪ್ರಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಗಂಡನ ಮನೆ ಸಕಲೇಶಪುರದಲ್ಲಿದ್ದು ಆಕೆ ಆಲೂರಿನ ತವರಿನಲ್ಲಿ ತಾತ್ಕಾಲಿಕವಾಗಿ ಆಶ್ರಯ ಪಡೆದಿದ್ದರೂ, ಅರ್ಜಿಯನ್ನು ತವರು ಇರುವ ಸ್ಥಳದ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಸಲ್ಲಿಸಬಹುದು. ಮನೆ ಯಾರ ಹೆಸರಿನಲ್ಲಿದ್ದರೂ ಆಕೆಗೆ ಅಲ್ಲಿ ವಾಸಿಸುವ ಹಕ್ಕಿದೆ. ರಕ್ಷಣಾ ಆದೇಶವನ್ನು ಮೀರಿದವನಿಗೆ 1 ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಲು ಅವಕಾಶವಿದೆ.

ಬಹಳಷ್ಟು ಜನರಿಗೆ ತಿಳಿಯದ ಅಂಶವೊಂದಿದೆ. ಹಿಂಸೆ ನಡೆದಿದೆ ಅಥವಾ ನಡೆಯಬಹುದೆಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಯಾವುದೇ ಕಾನೂನು ಹೊಣೆ ಬೀಳುವುದಿಲ್ಲ. ‘ನೆರೆಮನೆಯ ಗೊಡವೆ ಯಾಕೆ’ ಎಂದು ಸುಮ್ಮನಿರುವವರಿಗೆ ಕಾನೂನು ಕೊಟ್ಟಿರುವ ಅಭಯವಿದು.

ತೋಟವೂ ಕೆಲಸದ ಸ್ಥಳವೇ. 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿಯನ್ನು ರಚಿಸುವುದು ಮಾಲೀಕರ ಕಡ್ಡಾಯ ಕರ್ತವ್ಯ. ತಪ್ಪಿದರೆ 50,000 ರೂಪಾಯಿವರೆಗೆ ದಂಡವಿದೆ. 10ಕ್ಕಿಂತ ಕಡಿಮೆ ಕಾರ್ಮಿಕರಿರುವ ಸಣ್ಣ ಹಿಡುವಳಿಗಳ ಮಹಿಳೆಯರೂ ಮನೆಗೆಲಸದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ದೂರನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ನೀಡಬೇಕು. ಬರೆಯಲು ಬಾರದವರಿಗೆ ಬರೆದುಕೊಡುವ ನೆರವನ್ನು ಸಮಿತಿಯೇ ಒದಗಿಸಬೇಕು.

ಅತ್ಯಾಚಾರವನ್ನೂ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನೂ ಊರ ಪಂಚಾಯ್ತಿಯಲ್ಲಿ ರಾಜಿ ಮಾಡಲು ಯಾರಿಗೂ ಅಧಿಕಾರವಿಲ್ಲ. 18 ವರ್ಷದೊಳಗಿನ ಮಕ್ಕಳ ಮೇಲೆ ಇಂತಹ ಕೃತ್ಯ ನಡೆದದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿಯಾಗಲೀ ಖಾಸಗಿಯಾಗಲೀ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ನೀಡತಕ್ಕದ್ದು. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಬಹುದು. ನೊಂದವರ ಹೆಸರನ್ನು ಪ್ರಕಟಿಸುವುದು ಅಪರಾಧವಾದುದರಿಂದ, ಈ ಸಭೆಯೂ ಸೇರಿದಂತೆ ಯಾವ ಸಭೆಯಲ್ಲಿಯೂ ಅವರ ಹೆಸರು, ಊರು, ಮನೆತನಗಳನ್ನು ಎತ್ತಬಾರದು.

ನೆರವಿನ ಸಂಖ್ಯೆಗಳನ್ನು ಪ್ರತಿ ಮನೆಯವರೂ ನೆನಪಿಡಬೇಕು. ಮಹಿಳಾ ಸಹಾಯವಾಣಿ 181; ತುರ್ತು ಪೊಲೀಸ್ ನೆರವಿಗೆ 112; ಮಕ್ಕಳಿಗಾಗಿ 1098; ಉಚಿತ ಕಾನೂನು ನೆರವಿಗೆ 15100. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಚಿಕಿತ್ಸೆ, ಆಪ್ತಸಮಾಲೋಚನೆ, ತಾತ್ಕಾಲಿಕ ಆಶ್ರಯ, ಕಾನೂನು ಸಲಹೆಗಳನ್ನು ಒಂದೇ ಸೂರಿನಡಿ ಒದಗಿಸಲು ಸಖಿ ಕೇಂದ್ರಗಳಿವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹಾಸನಕ್ಕೆ ಹೋಗಿಬರಲು ಬಸ್ ಚಾರ್ಜು ಇಲ್ಲವೆಂಬ ಚಿಂತೆಯೂ ತಪ್ಪಿದೆ.

ಇಷ್ಟಾದರೂ ಕಾನೂನು ತಾನಾಗಿ ಲೈನ್ ಮನೆಯ ಬಾಗಿಲು ತಟ್ಟುವುದಿಲ್ಲ. ಆದುದರಿಂದ ಈ 16 ದಿನಗಳಲ್ಲಿ ಕೈಗೊಳ್ಳಬಹುದಾದ ಕೆಲವು ಕೆಲಸಗಳನ್ನು ಸಭೆಯ ಗಮನಕ್ಕೆ ತರಲಾಗಿದೆ. ಗ್ರಾಮ ಪಂಚಾಯಿತಿಗಳು ಸಹಾಯವಾಣಿ ಸಂಖ್ಯೆಗಳನ್ನು ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಬಸ್ ತಂಗುದಾಣಗಳ ಗೋಡೆಯ ಮೇಲೆ ಬರೆಸಲಿ. ತೋಟದ ಮಾಲೀಕರು ಕಣದ ಬಳಿ, ಲೈನ್ ಮನೆಗಳ ಬಳಿ ಅವನ್ನು ಕಾರ್ಮಿಕರ ಭಾಷೆಯಲ್ಲಿಯೂ ಬರೆಸಲಿ. ಮಹಿಳೆಯ ಕೂಲಿಯನ್ನು ಆಕೆಯ ಕೈಗೇ ಅಥವಾ ಆಕೆಯ ಖಾತೆಗೇ ಕೊಡಲಿ. ರಾತ್ರಿ ವೇಳೆ ಅಪಾಯ ಒದಗಿದಾಗ ಯಾವ ಮನೆಯಲ್ಲಿ ಆಶ್ರಯ, ಯಾರ ವಾಹನದಲ್ಲಿ ಪಯಣ ಎಂಬುದನ್ನು ಪ್ರತಿ ಸ್ತ್ರೀಶಕ್ತಿ ಸಂಘವೂ ಮೊದಲೇ ನಿಶ್ಚಯಿಸಲಿ. ಈ ಕಾರ್ಯದಲ್ಲಿ ಗಂಡಸರು ಹಿಂದೆ ನಿಲ್ಲದಿರಲಿ. ಜತೆಗಾರನೊಬ್ಬ ಮನೆಯಲ್ಲಿ ಕೈ ಎತ್ತುತ್ತಾನೆಂದು ತಿಳಿದಾಗ ಅವನೆದುರು ‘ಇದು ತಪ್ಪು’ ಎಂದು ಹೇಳುವ ಗೆಳೆಯನೂ ಹೆಣ್ಣಿನ ಪರ ನಿಂತ ವಕೀಲನೇ.

ನೊಂದು ಬಂದವಳನ್ನು ‘ನೀನು ಏನು ಮಾಡಿದೆ’ ಎಂದು ಕೇಳುವವರು ಊರಿನಲ್ಲಿ ಬಹಳ ಮಂದಿ ಇದ್ದಾರೆ. ‘ಏನಾಯಿತಮ್ಮ, ಕೂತುಕೋ, ಹೇಳು’ ಎನ್ನುವವರು ಬೇಕಾಗಿದ್ದಾರೆ. ಆ ಮಾತು ಆಡಿದವರಿಗೆ ಪ್ರಶಸ್ತಿ ಬರಲಾರದು, ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗಲಾರದು. ಆದರೂ ಆ ರಾತ್ರಿ ಒಂದು ಜೀವ ಉಳಿದಿರುತ್ತದೆ. ಹಾಗೆ ಕೇಳಿಸಿಕೊಂಡ ಎಲ್ಲ ಅಜ್ಜಿಯರಿಗೆ, ಅತ್ತೆಯರಿಗೆ, ನೆರೆಮನೆಯ ಅಕ್ಕಂದಿರಿಗೆ, ಕಾರ್ಯಕರ್ತೆಯರಿಗೆ ಈ ದಿನದ ಗೌರವ ಸಲ್ಲಲಿ. ಮುಂದಿನ ವರ್ಷ ಇದೇ ಸಭೆ ಸೇರುವ ಹೊತ್ತಿಗೆ ಅಂಥವರ ಸಂಖ್ಯೆ ಪ್ರತಿ ಹಳ್ಳಿಯಲ್ಲಿಯೂ ಹೆಚ್ಚಲಿ.